ಮಾಡೆಲ್‌ಗಿಂತ ಮೊದಲು ಒಂದು ಸಾಲು ಓದೋಣ

ವಿಮಾ ಕ್ಷೇತ್ರದ ಡೇಟಾ ಅನಲಿಟಿಕ್ಸ್‌ನಲ್ಲಿ ಸ್ನಾತಕೋತ್ತರ ಓದು ಶುರು ಮಾಡಲಿರುವ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ ಇದು.

ಎಲ್ಲರಿಗೂ ನಮಸ್ಕಾರ.

ಈ ಓದಿಗೆ ಹೊಸದಾಗಿ ಬರುವವರು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಸರ್, ಯಾವ ಅಲ್ಗಾರಿದಮ್ ಚೆನ್ನಾಗಿ ಕಲಿತರೆ ಕೆಲಸ ಸಿಗುತ್ತೆ?" ಕೇಳುವುದರಲ್ಲಿ ತಪ್ಪಿಲ್ಲ. ಎರಡು ವರ್ಷ ಕೊಟ್ಟು ಓದುವವರಿಗೆ ಆ ಚಿಂತೆ ಇದ್ದೇ ಇರುತ್ತದೆ. ಆದರೆ ಅಲ್ಗಾರಿದಮ್ ಈ ಓದಿನ ಸುಲಭದ ಭಾಗ. ನಾಲ್ಕು ಸಾಲು ಕೋಡ್ ಬರೆದರೆ ಅರ್ಧ ನಿಮಿಷದಲ್ಲಿ ಉತ್ತರ ಬಂದುಬಿಡುತ್ತದೆ. ಕಷ್ಟ ಇರುವುದು ಅದಕ್ಕೆ ಉಣಿಸುವ ಡೇಟಾದಲ್ಲಿ. ವಿಮೆಯ ಡೇಟಾದ ಒಂದು ಸಾಲು ನಿಜಕ್ಕೂ ಏನು ಹೇಳುತ್ತಿದೆ, ಏನನ್ನು ಮುಚ್ಚಿಟ್ಟಿದೆ ಅಂತ ಓದಲು ಬರಬೇಕು. ಅದು ಬಂದವರಿಗೆ ಮಾಡೆಲ್, ಅಂದರೆ ಡೇಟಾದಿಂದ ಕಲಿತು ಮುನ್ನಂದಾಜು ಹೇಳುವ ಲೆಕ್ಕ, ತಾನಾಗಿ ಒಲಿಯುತ್ತದೆ. ಬರದವರಿಗೆ ಎಷ್ಟು ದೊಡ್ಡ ಮಾಡೆಲ್ ಕೊಟ್ಟರೂ ಅಷ್ಟೇ.

ಹಾಗಾಗಿ ಇವತ್ತು ಒಂದು ಕಡತ ತೆರೆದು, ಮೊದಲ ಸಾಲಿನಿಂದಲೇ ಓದುತ್ತಾ ಹೋಗೋಣ.

ಫ್ರಾನ್ಸಿನ ವಾಹನ ವಿಮೆಯದ್ದೊಂದು ಕಡತ ಇದೆ. ಆರ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕ್ಯಾಸ್‌ಡೇಟಾಸೆಟ್ಸ್ ಎಂಬ ಪ್ಯಾಕೇಜಿನಲ್ಲಿ ಉಚಿತವಾಗಿ ಸಿಗುತ್ತದೆ. ಈ ವಿಷಯ ಓದುವವರಲ್ಲಿ ಬಹಳ ಜನ ಕೈ ಪಳಗಿಸಿಕೊಳ್ಳುವುದು ಇದರ ಮೇಲೆಯೇ. ಥರ್ಡ್ ಪಾರ್ಟಿ ವಿಮೆ, ಅಂದರೆ ನಮ್ಮ ಗಾಡಿಯಿಂದ ಬೇರೆಯವರಿಗೆ ಆದ ಹಾನಿಗೆ ಹಣ ಕೊಡುವ ವಿಮೆಯ ದಾಖಲೆ. ಒಟ್ಟು 6,78,013 ಸಾಲುಗಳಿವೆ.

ಮೊದಲ ಸಾಲು ಹೀಗಿದೆ. ಪಾಲಿಸಿ ನಂಬರ್ 1. ಕ್ಲೈಮ್ 1. ಎಕ್ಸ್‌ಪೋಷರ್ 0.10. ಚಾಲಕರ ವಯಸ್ಸು 55. ಕಾರಿನ ವಯಸ್ಸು 0, ಅಂದರೆ ಹೊಚ್ಚ ಹೊಸದು. ಬೋನಸ್-ಮಾಲಸ್, ಅಂದರೆ ಚಾಲಕರ ಅಪಘಾತದ ಇತಿಹಾಸಕ್ಕೆ ಕೊಡುವ ಅಂಕ, 50. ಅವರಿರುವ ಊರಿನ ಜನಸಾಂದ್ರತೆ ಚದರ ಕಿಲೋಮೀಟರಿಗೆ 1,217.

ಎಕ್ಸ್‌ಪೋಷರ್ ಅಂದರೆ ಪಾಲಿಸಿ ಎಷ್ಟು ಕಾಲ ಜಾರಿಯಲ್ಲಿತ್ತು ಅನ್ನುವ ಲೆಕ್ಕ, ವರ್ಷದಲ್ಲಿ. 0.10 ಅಂದರೆ ಒಂದು ವರ್ಷದ ಹತ್ತನೇ ಒಂದು ಭಾಗ, ಸುಮಾರು ಐದು ವಾರ. ಆ ಐದು ವಾರದಲ್ಲಿ ಒಂದು ಕ್ಲೈಮ್ ಆಗಿದೆ. ಈಗ ಸುಮ್ನೆ ಭಾಗಾಕಾರ ಮಾಡಿದರೆ ಏನು ಬರುತ್ತದೆ? ವರ್ಷಕ್ಕೆ 10 ಕ್ಲೈಮ್. 55 ವರ್ಷದ ಈ ವ್ಯಕ್ತಿ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಯಾರಿಗಾದರೂ ಗುದ್ದುತ್ತಾ ಇರುತ್ತಾರೆ ಅಂತ ನಾವು ನಂಬುತ್ತೇವಾ? ಖಂಡಿತ ಇಲ್ಲ. ಆದರೆ ಎಕ್ಸ್‌ಪೋಷರ್ ಅನ್ನು ಸರಿಯಾಗಿ ಕೂರಿಸದ ಮಾಡೆಲ್ ಅದನ್ನೇ ನಂಬುತ್ತದೆ.

ಈಗ ಎರಡನೆಯ ಸಾಲು ನೋಡಿ. ಪಾಲಿಸಿ ನಂಬರ್ 3. ಕ್ಲೈಮ್ 1. ಎಕ್ಸ್‌ಪೋಷರ್ 0.77. ಚಾಲಕರ ವಯಸ್ಸು 55. ಕಾರಿನ ವಯಸ್ಸು 0. ಬೋನಸ್-ಮಾಲಸ್ 50. ಜನಸಾಂದ್ರತೆ 1,217. ಕಾರಿನ ಬ್ರ್ಯಾಂಡ್ ಅದೇ, ಎಂಜಿನ್ನಿನ ಶಕ್ತಿ ಅದೇ, ಪ್ರದೇಶವೂ ಅದೇ.

ಇಲ್ಲಿ ಸ್ವಲ್ಪ ನಿಲ್ಲಿ. ಇವರಿಬ್ಬರೂ ಬೇರೆ ಬೇರೆ ಜನರಾ? ಅಥವಾ ಒಬ್ಬರದೇ ಪಾಲಿಸಿ ಯಾವುದೋ ಕಾರಣಕ್ಕೆ ಎರಡು ತುಂಡಾಗಿ ದಾಖಲಾಗಿದೆಯಾ? ಕಡತ ಹೇಳುವುದಿಲ್ಲ. ಆದರೆ ಒಬ್ಬರೇ ಆಗಿದ್ದರೆ ಏನಾಗುತ್ತದೆ ಯೋಚಿಸಿ. ನೀವು ಡೇಟಾವನ್ನು ಚೀಟಿ ಎತ್ತಿದ ಹಾಗೆ ಎರಡು ಭಾಗ ಮಾಡುತ್ತೀರಿ. ಒಂದು ಭಾಗದಿಂದ ಮಾಡೆಲ್ ಕಲಿಯುತ್ತದೆ, ಇನ್ನೊಂದು ಭಾಗದ ಮೇಲೆ ಪರೀಕ್ಷೆ ಬರೆಯುತ್ತದೆ. ನಂಬರ್ 1 ಕಲಿಯುವ ಭಾಗಕ್ಕೆ, ನಂಬರ್ 3 ಪರೀಕ್ಷೆಯ ಭಾಗಕ್ಕೆ ಹೋದರೆ ಮಾಡೆಲ್‌ಗೆ ಪ್ರಶ್ನೆಪತ್ರಿಕೆ ಮೊದಲೇ ಸಿಕ್ಕಿದಂತಾಯಿತು. ಅಂಕ ಚೆನ್ನಾಗಿ ಬರುತ್ತದೆ. ಆ ಅಂಕ ಸುಳ್ಳು. ಎರಡೇ ಸಾಲು ಓದಿದ್ದೇವೆ, ಆಗಲೇ ಸ್ನಾತಕೋತ್ತರ ಮಟ್ಟದ ಎರಡು ಪ್ರಶ್ನೆ ಎದುರಿಗೆ ನಿಂತಿವೆ.

ಇಡೀ ಕಡತದ ಲೆಕ್ಕಕ್ಕೆ ಬರೋಣ. 6,78,013 ಸಾಲುಗಳಲ್ಲಿ 6,43,953 ಸಾಲುಗಳಲ್ಲಿ ಕ್ಲೈಮ್ ಸೊನ್ನೆ. ಕ್ಲೈಮ್ ಇರುವುದು 34,060 ಸಾಲುಗಳಲ್ಲಿ ಮಾತ್ರ, ನೂರಕ್ಕೆ ಸುಮಾರು 5. ಹಾಗಾದರೆ ವರ್ಷಕ್ಕೆ ಶೇಕಡಾ 5ರಷ್ಟು ಕ್ಲೈಮ್ ಅಂತ ಹೇಳಬಹುದಾ? ಹೇಳಬಾರದು. ಯಾಕೆಂದರೆ ಬಹಳ ಪಾಲಿಸಿಗಳು ಇಡೀ ವರ್ಷ ಇರಲಿಲ್ಲ. ಎಲ್ಲ ಎಕ್ಸ್‌ಪೋಷರ್ ಕೂಡಿದರೆ ಸುಮಾರು 3.58 ಲಕ್ಷ ವರ್ಷ ಬರುತ್ತದೆ. ಒಟ್ಟು ಕ್ಲೈಮ್‌ಗಳು 36,102. ಭಾಗಿಸಿದರೆ ವರ್ಷಕ್ಕೆ ಶೇಕಡಾ 10. ಅದೇ ಕಡತ, ಎರಡು ಉತ್ತರ, ಒಂದು ಇನ್ನೊಂದರ ಎರಡರಷ್ಟು. ಶೇಕಡಾ 5 ನಂಬಿ ಪ್ರೀಮಿಯಂ ಹಾಕಿದ ಕಂಪನಿಗೆ ಕ್ಲೈಮ್ ಕೊಡಲು ಅರ್ಧ ಹಣವೂ ಇರುವುದಿಲ್ಲ.

ಬೇರೆ ಕ್ಷೇತ್ರಗಳಲ್ಲಿ ಮಷೀನ್ ಲರ್ನಿಂಗ್ ಕಲಿತು ಬಂದವರು ಇಲ್ಲೇ ಎಡವುತ್ತಾರೆ. ಅವರಿಗೆ ಅಭ್ಯಾಸ ಆಗಿರುವ ಪ್ರಶ್ನೆ "ಹೌದೋ ಅಲ್ಲವೋ". ಇದು ಬೆಕ್ಕೋ ನಾಯಿಯೋ, ಈ ಮೇಲ್ ಕಸವೋ ಅಲ್ಲವೋ. ವಿಮೆಯ ಈ ಕಡತದಲ್ಲಿ ಎಲ್ಲರಿಗೂ "ಕ್ಲೈಮ್ ಆಗಲ್ಲ" ಅಂತ ಕಣ್ಣುಮುಚ್ಚಿ ಹೇಳಿದರೂ ನೂರಕ್ಕೆ 95 ಸರಿಯಾಗುತ್ತದೆ. ಆ 95ಕ್ಕೆ ಬೆಲೆ ಇಲ್ಲ. ಯಾರಿಗೆ ಅಪಘಾತ ಆಗುತ್ತದೆ ಅಂತ ಹೇಳುವುದು ನಮ್ಮ ಕೆಲಸವೂ ಅಲ್ಲ, ಹೇಳಲು ಆಗುವುದೂ ಇಲ್ಲ. ಒಂದೇ ತರಹದ ಸಾವಿರ ಜನ ಒಂದು ವರ್ಷ ಗಾಡಿ ಓಡಿಸಿದರೆ ಅವರಲ್ಲಿ ಎಷ್ಟು ಕ್ಲೈಮ್ ಬರಬಹುದು ಅಂತ ಹೇಳಬೇಕು. 80 ಅಂತ ಹೇಳಿದ ಗುಂಪಿನಲ್ಲಿ 80ರ ಸುತ್ತಮುತ್ತ ಬರಬೇಕು, 200 ಅಂದ ಗುಂಪಿನಲ್ಲಿ 200ರ ಸುತ್ತಮುತ್ತ. ಹೊಸ ವಿದ್ಯಾರ್ಥಿಗಳಿಗೆ ಇದು ಮೊದಮೊದಲು ಸಪ್ಪೆ ಅನ್ನಿಸುತ್ತದೆ. ನನಗಂತೂ ಈ ಓದಿನಲ್ಲಿ ಇಷ್ಟವಾದ ಸಂಗತಿಯೇ ಇದು. ಒಬ್ಬೊಬ್ಬರ ಹಣೆಬರಹ ಗೊತ್ತಿಲ್ಲ ಅಂತ ಒಪ್ಪಿಕೊಂಡು, ಎಲ್ಲರದೂ ಸೇರಿದಾಗ ಏನಾಗುತ್ತದೆ ಅಂತ ಪ್ರಾಮಾಣಿಕವಾಗಿ ಲೆಕ್ಕ ಹಾಕುವ ವಿದ್ಯೆ.

ಇನ್ನು ಹಣದ ಕಡತ. ಅದು ಬೇರೆಯೇ ಇದೆ, 26,639 ಸಾಲು. ಮೊದಲ ಕಡತ 36,102 ಕ್ಲೈಮ್ ಅಂತ ಹೇಳಿತ್ತು. ಉಳಿದವು ಎಲ್ಲಿ ಹೋದವು? ಅವುಗಳ ಮೊತ್ತ ಇಲ್ಲಿ ದಾಖಲಾಗಿಲ್ಲ. ಎರಡೂ ಕಡತ ಜೋಡಿಸುವಾಗ ಇದನ್ನು ಗಮನಿಸದಿದ್ದರೆ ಅಷ್ಟೂ ಕ್ಲೈಮ್‌ಗಳು ಸದ್ದಿಲ್ಲದೆ ಸೊನ್ನೆ ಯೂರೋ ಆಗಿಬಿಡುತ್ತವೆ. ಇನ್ನೂ ಒಂದು ವಿಚಿತ್ರ ಇದೆ. ಮೊತ್ತಗಳ ಚಿತ್ರ ಬರೆದರೆ ಒಂದೆರಡು ಕಡೆ ಕಂಬ ನಿಂತ ಹಾಗೆ ಕಾಣುತ್ತದೆ. 1,204 ಯೂರೋ ಅನ್ನುವ ಸಂಖ್ಯೆ ಮತ್ತೆ ಮತ್ತೆ ಬರುತ್ತದೆ. ಅಷ್ಟೊಂದು ಅಪಘಾತಗಳಲ್ಲಿ ಸರಿಯಾಗಿ 1,204 ಯೂರೋ ಹಾನಿ ಆಗುವುದು ಸಾಧ್ಯವೇ ಇಲ್ಲ, ಅಲ್ವಾ? ಫ್ರಾನ್ಸಿನ ವಿಮಾ ಕಂಪನಿಗಳು ಸಣ್ಣಪುಟ್ಟ ಡಿಕ್ಕಿಗಳನ್ನು ತಮ್ಮತಮ್ಮಲ್ಲೇ ನಿಗದಿತ ಮೊತ್ತದಲ್ಲಿ ತೀರಿಸಿಕೊಳ್ಳುವ ಒಪ್ಪಂದ ಮಾಡಿಕೊಂಡಿವೆ. ಆ ಮೊತ್ತದ ಗುರುತು ಇದು. ಇದನ್ನು ಯಾವ ಅಲ್ಗಾರಿದಮ್ಮೂ ನಿಮಗೆ ಹೇಳಿಕೊಡುವುದಿಲ್ಲ. ಕ್ಲೈಮ್ ವಿಭಾಗದಲ್ಲಿ ಕೂತು ಕೆಲಸ ಮಾಡುವವರನ್ನು ಕೇಳಬೇಕು. ಈ ಓದಿನಲ್ಲಿ ಕ್ಲಾಸಿನಷ್ಟೇ ಮುಖ್ಯ ಇಂಥವರ ಜೊತೆಗಿನ ಮಾತು ಅಂತ ನಾನು ಹೇಳುವುದು ಇದಕ್ಕೇ.

ಅದೇ ಕಡತದಲ್ಲಿ ಒಂದು ಕ್ಲೈಮ್ 40 ಲಕ್ಷ ಯೂರೋ ಮೀರಿದೆ. ಸರಾಸರಿ ಕ್ಲೈಮ್ ಸುಮಾರು 2,280 ಯೂರೋ. ಆ ಒಂದೇ ಒಂದು ಸಾಲು ಯಾರ ಗುಂಪಿಗೆ ಬೀಳುತ್ತದೋ ಆ ಗುಂಪಿನ ಸರಾಸರಿ ಆಕಾಶಕ್ಕೆ ಹಾರುತ್ತದೆ. ಹಾಗಂತ ಅದನ್ನು ಅಳಿಸುವಂತಿಲ್ಲ. ವಿಮೆ ಇರುವುದೇ ಅಂಥ ದಿನಕ್ಕೆ. ಅದರ ಭಾರವನ್ನು ಎಲ್ಲರ ಮೇಲೆ ಹೇಗೆ ಹಂಚಬೇಕು ಅನ್ನುವುದು ತೂಗಿ ನೋಡಿ ಮಾಡಬೇಕಾದ ತೀರ್ಮಾನ.

ಈ ಮೂರು ಸ್ವಭಾವಗಳನ್ನು, ಅಂದರೆ ಸೊನ್ನೆಗಳ ರಾಶಿ, ಎಣಿಕೆ, ಉದ್ದ ಬಾಲದ ಹಣ (ಅಪರೂಪಕ್ಕೆ ಬರುವ ಭಾರಿ ಮೊತ್ತಗಳು), ಇವುಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಪಠ್ಯಕ್ರಮ ನೋಡಿದರೆ ಅದರಲ್ಲಿರುವ ವಿಷಯಗಳು ಯಾಕಿವೆ ಅಂತ ತಾನಾಗಿ ಗೊತ್ತಾಗುತ್ತದೆ. ಹಂಚಿಕೆ ಅಂದರೆ ಯಾವ ಉತ್ತರ ಬರುವ ಸಾಧ್ಯತೆ ಎಷ್ಟು ಅಂತ ಹೇಳುವ ಸೂತ್ರ. ಎಣಿಕೆಗೆ ಪಾಯ್ಸನ್ ಹಂಚಿಕೆ. ಮೊತ್ತಕ್ಕೆ ಗಾಮಾ. ಎರಡನ್ನೂ ಒಟ್ಟಿಗೆ ನೋಡಬೇಕಾದರೆ ಟ್ವೀಡಿ. ಇದರ ಬಗ್ಗೆ ಮಾರಿಸ್ ಟ್ವೀಡಿ ಬರೆದ ಲೇಖನ 1984ರಲ್ಲಿ ಪ್ರಕಟವಾದದ್ದು ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಸುವರ್ಣ ಮಹೋತ್ಸವ ಸಮ್ಮೇಳನದ ಸಂಪುಟದಲ್ಲಿ. ಒಂದೇ ಹಂಚಿಕೆಯೊಳಗೆ ಸೊನ್ನೆಗಳ ಗುಡ್ಡೆಯೂ ಇರುತ್ತದೆ, ಅದರಾಚೆ ಹರಡಿಕೊಂಡ ಮೊತ್ತಗಳೂ ಇರುತ್ತವೆ. ವಿಮೆಗೆಂದೇ ಹೊಲಿಸಿದ ಅಂಗಿಯ ಹಾಗೆ.

ಇವೆಲ್ಲ ಬಂದು ಕೂರುವ ಚೌಕಟ್ಟು ಜಿಎಲ್ಎಂ, ಸಾಮಾನ್ಯೀಕೃತ ರೇಖೀಯ ಮಾಡೆಲ್. 1972ರಲ್ಲಿ ನೆಲ್ಡರ್ ಮತ್ತು ವೆಡ್ಡರ್ಬರ್ನ್ ಇದನ್ನು ಮುಂದಿಟ್ಟರು. ಬೆಲೆ ಕಟ್ಟುವವರಿಗೆ ಇದು ಯಾಕೆ ಅಷ್ಟು ಹಿಡಿಸಿತು ಅಂದರೆ ಉತ್ತರ ಗುಣಾಕಾರದಲ್ಲಿ ಬರುತ್ತದೆ. ಮೂಲ ದರ 100 ಅಂದುಕೊಳ್ಳಿ. ಚಿಕ್ಕ ವಯಸ್ಸಿನ ಚಾಲಕರಿಗೆ ಗುಣಕ 1.5, ಸಣ್ಣ ಕಾರಿಗೆ 0.9. ಗುಣಿಸಿದರೆ 135. ಇದನ್ನು ಪಾಲಿಸಿದಾರರಿಗೆ ವಿವರಿಸಬಹುದು, ನಿಯಂತ್ರಕರ ಮುಂದೆ ಇಡಬಹುದು, ಯಾರಿಗೆ ಯಾವ ಷರತ್ತಿನಲ್ಲಿ ವಿಮೆ ಕೊಡಬೇಕು ಅಂತ ತೀರ್ಮಾನಿಸುವ ಅಂಡರ್‌ರೈಟರ್ ಜೊತೆ ಕೂತು ಜಗಳ ಆಡಬಹುದು. "1.5 ಜಾಸ್ತಿ ಆಯ್ತು" ಅಂತ ಅವರು ಹೇಳಿದರೆ ಯಾವ ಸಂಖ್ಯೆಯ ಬಗ್ಗೆ ಮಾತಾಡುತ್ತಿದ್ದೇವೆ ಅಂತ ಇಬ್ಬರಿಗೂ ಗೊತ್ತಿರುತ್ತದೆ.

ಈಗ ಸಣ್ಣ ಸಣ್ಣ ಮಾಡೆಲ್ ಪೇರಿಸುತ್ತಾ ಹಿಂದಿನದರ ತಪ್ಪು ತಿದ್ದುವ ಗ್ರೇಡಿಯಂಟ್ ಬೂಸ್ಟಿಂಗ್ ಬಂದಿದೆ, ನ್ಯೂರಲ್ ನೆಟ್‌ವರ್ಕ್ ಬಂದಿದೆ. ಅವು ಬೇಡ ಅಂತ ನಾನು ಹೇಳುವುದಿಲ್ಲ. ಜಿಎಲ್ಎಂ ಕಣ್ಣಿಗೆ ಬೀಳದ ಒಳಸಂಬಂಧಗಳನ್ನು ಅವು ಹಿಡಿಯುತ್ತವೆ. ಆದರೆ ಜಿಎಲ್ಎಂ ಕೈಯಿಂದ ಕಟ್ಟಿ, ಅದರ ಒಂದೊಂದು ಗುಣಕವನ್ನೂ ಬಾಯಲ್ಲಿ ವಿವರಿಸಿ, ಆಮೇಲೆ ಬೂಸ್ಟಿಂಗ್‌ಗೆ ಹೋಗಿ. ಎರಡರ ಉತ್ತರ ಎಲ್ಲಿ ಬೇರೆಯಾಗುತ್ತದೆ ಅಂತ ಹುಡುಕಿ. ಆ ಬೇರೆಯಾಗುವ ಜಾಗದಲ್ಲಿ ಕಲಿಯಲು ತುಂಬಾ ಸಿಗುತ್ತದೆ.

ಒಂದು ಉದಾಹರಣೆ ಕೊಡುತ್ತೇನೆ, ಇದೇ ಫ್ರೆಂಚ್ ಕಡತದಿಂದ. ಬೋನಸ್-ಮಾಲಸ್ ಅಂತ ಒಂದು ಕಾಲಂ ಇತ್ತಲ್ಲ. ಫ್ರಾನ್ಸಿನಲ್ಲಿ ಹೊಸ ಚಾಲಕರು 100ರಿಂದ ಶುರು ಮಾಡುತ್ತಾರೆ. ಅಪಘಾತ ಇಲ್ಲದೆ ಒಂದು ವರ್ಷ ಕಳೆದರೆ ಶೇಕಡಾ 5 ಇಳಿಯುತ್ತದೆ. ತಪ್ಪು ತಮ್ಮದೇ ಆದ ಅಪಘಾತ ಮಾಡಿದರೆ ಶೇಕಡಾ 25 ಏರುತ್ತದೆ. ಇಳಿಯುವ ಮಿತಿ 50, ಏರುವ ಮಿತಿ 350. 100ರಿಂದ 50ಕ್ಕೆ ಬರಲು ಅಪಘಾತವೇ ಇಲ್ಲದ 13 ವರ್ಷ ಬೇಕು. ಅಂದರೆ 18ಕ್ಕೆ ಲೈಸೆನ್ಸ್ ಪಡೆದವರು ಸಾಮಾನ್ಯ ದಾರಿಯಲ್ಲಿ 50 ಮುಟ್ಟುವ ಹೊತ್ತಿಗೆ ವಯಸ್ಸು 31 ಆಗಿರುತ್ತದೆ.

ಈಗ ಬೂಸ್ಟಿಂಗ್ ಮಾಡೆಲ್ ವಯಸ್ಸನ್ನು ಹೇಗೆ ಬಳಸುತ್ತಿದೆ ಅಂತ ನೋಡಲು ವಿದ್ಯಾರ್ಥಿಗಳು ಪಾರ್ಷಿಯಲ್ ಡಿಪೆಂಡೆನ್ಸ್ ಚಿತ್ರ ಬರೆಯುತ್ತಾರೆ. ಆ ವಿಧಾನ ಏನು ಮಾಡುತ್ತದೆ? ಎಲ್ಲರ ವಯಸ್ಸನ್ನೂ 18 ಅಂತ ಬದಲಿಸಿ, ಉಳಿದದ್ದನ್ನು ಹಾಗೇ ಬಿಟ್ಟು, ಉತ್ತರಗಳ ಸರಾಸರಿ ತೆಗೆಯುತ್ತದೆ. 19, 20 ಅಂತ ಪ್ರತಿ ವಯಸ್ಸಿಗೂ ಹೀಗೇ. ನಮ್ಮ ಮೊದಲ ಸಾಲಿನ 55 ವರ್ಷದವರು ಈಗ 18 ವರ್ಷದವರಾದರು, ಬೋನಸ್-ಮಾಲಸ್ ಮಾತ್ರ 50 ಆಗಿಯೇ ಉಳಿಯಿತು. ಅಂಥ ಮನುಷ್ಯ ಎಲ್ಲಿದ್ದಾನೆ? ಮಾಡೆಲ್ ಅಂಥವರನ್ನು ನೋಡಿಯೇ ಇಲ್ಲ. ಆದರೂ ಕೇಳಿದ ತಕ್ಷಣ ಒಂದು ಸಂಖ್ಯೆ ಕೊಡುತ್ತದೆ. ಆ ಸಂಖ್ಯೆಗಳ ಸರಾಸರಿಯಿಂದ ಬಂದ ಗೆರೆಯನ್ನು ನಾವು ವರದಿಯಲ್ಲಿ "ವಯಸ್ಸಿನ ಪರಿಣಾಮ" ಅಂತ ಹೆಸರಿಟ್ಟು ಅಂಟಿಸುತ್ತೇವೆ. ಗೆರೆ ನೋಡಲು ನುಣುಪಾಗಿರುತ್ತದೆ, ನಂಬಬೇಕು ಅನ್ನಿಸುತ್ತದೆ. ಇದನ್ನು ಪ್ರಶ್ನೆ ಮಾಡಲು ಗಣಿತ ಗೊತ್ತಿದ್ದರೆ ಸಾಲದು. ಬೋನಸ್-ಮಾಲಸ್ ನಿಯಮ ಗೊತ್ತಿರಬೇಕು.

ಸ್ವಲ್ಪ ಹಿಂದಕ್ಕೆ ಹೋಗೋಣ. ಈ ವಿದ್ಯೆ ಕಂಪ್ಯೂಟರ್ ಜೊತೆ ಹುಟ್ಟಿದ್ದಲ್ಲ. 1693ರಲ್ಲಿ ಎಡ್ಮಂಡ್ ಹ್ಯಾಲಿ, ಧೂಮಕೇತುವಿನ ಹ್ಯಾಲಿಯೇ, ಬ್ರೆಸ್ಲಾವ್ ಎಂಬ ಊರಿನ ಜನನ ಮರಣದ ಲೆಕ್ಕ ಇಟ್ಟುಕೊಂಡು ಯಾವ ವಯಸ್ಸಿನವರು ಎಷ್ಟು ಜನ ಉಳಿಯುತ್ತಾರೆ ಅಂತ ಪಟ್ಟಿ ಮಾಡಿದರು. ಆಗ ಇಂಗ್ಲೆಂಡಿನ ಸರ್ಕಾರ ವಯಸ್ಸೇ ನೋಡದೆ ಎಲ್ಲರಿಗೂ ಒಂದೇ ಬೆಲೆಗೆ ವರ್ಷಾಶನ, ಅಂದರೆ ಬದುಕಿರುವವರೆಗೂ ವರ್ಷ ವರ್ಷ ಹಣ ಕೊಡುವ ಯೋಜನೆ, ಮಾರುತ್ತಿತ್ತು. ಹತ್ತು ವರ್ಷದ ಮಗುವಿಗೂ ಅರವತ್ತರ ಮುದುಕರಿಗೂ ಒಂದೇ ದರ. ಅದು ಸರಿಯಲ್ಲ ಅಂತ ಹ್ಯಾಲಿ ಲೆಕ್ಕ ಹಾಕಿ ತೋರಿಸಿದರು. 1762ರಲ್ಲಿ ಲಂಡನ್ನಿನಲ್ಲಿ ಶುರುವಾದ ಇಕ್ವಿಟೆಬಲ್ ಸಂಸ್ಥೆ ವಯಸ್ಸಿನ ಪ್ರಕಾರ ಪ್ರೀಮಿಯಂ ನಿಗದಿ ಮಾಡಿತು. ಮುನ್ನಂದಾಜಿಗೆ ಬೇಕಾದದ್ದು ಆಗಲೂ ಅದೇ: ಯಾರನ್ನು ಎಣಿಸಿದ್ದೇವೆ, ಎಷ್ಟು ಕಾಲ ಗಮನಿಸಿದ್ದೇವೆ.

ಹಳೆಯ ವಿದ್ಯೆಗಳಲ್ಲಿ ನನಗೆ ತುಂಬಾ ಪ್ರೀತಿ ಇರುವುದು ಕ್ರೆಡಿಬಿಲಿಟಿ ಸಿದ್ಧಾಂತದ ಮೇಲೆ. ಕೆಲವು ಹೊಸ ಕೋರ್ಸುಗಳು ಇದನ್ನು ಹಳತು ಅಂತ ಕೈಬಿಡುತ್ತವೆ. ದಯವಿಟ್ಟು ನೀವು ಬಿಡಬೇಡಿ. ಪ್ರಶ್ನೆ ಸರಳ. ಒಂದು ಸಣ್ಣ ಗುಂಪು ಇದೆ, ಅದರ ಎಕ್ಸ್‌ಪೋಷರ್ ಒಟ್ಟು 20 ವರ್ಷ. ಅದರಲ್ಲಿ 4 ಕ್ಲೈಮ್ ಬಂದಿವೆ, ಅಂದರೆ ಶೇಕಡಾ 20. ಇಡೀ ಕಂಪನಿಯ ಸರಾಸರಿ ಶೇಕಡಾ 10. ಈ ಗುಂಪಿಗೆ ಎರಡರಷ್ಟು ಪ್ರೀಮಿಯಂ ಹಾಕಬೇಕಾ? 20 ವರ್ಷದ ಅನುಭವವನ್ನು ಎಷ್ಟು ನಂಬಬೇಕು?

1918ರಲ್ಲಿ ಆಲ್ಬರ್ಟ್ ವಿಟ್ನಿ ಇದಕ್ಕೆ ಒಂದು ದಾರಿ ತೋರಿಸಿದರು. 1967ರಲ್ಲಿ ಹ್ಯಾನ್ಸ್ ಬ್ಯೂಲ್ಮನ್ ಅದಕ್ಕೆ ಗಟ್ಟಿ ಬುನಾದಿ ಹಾಕಿದರು. ಗುಂಪಿನ ಎಕ್ಸ್‌ಪೋಷರ್ ಅನ್ನು, ಆ ಎಕ್ಸ್‌ಪೋಷರ್ ಜೊತೆ ಕೆ ಎಂಬ ಒಂದು ಸಂಖ್ಯೆ ಕೂಡಿಸಿ, ಅದರಿಂದ ಭಾಗಿಸಿ. ಬಂದದ್ದು ನಂಬಿಕೆಯ ತೂಕ. ಕೆ 180 ಅಂದುಕೊಳ್ಳಿ. 20ನ್ನು 200ರಿಂದ ಭಾಗಿಸಿದರೆ 0.1. ಅಂದರೆ ಗುಂಪಿನ ಸ್ವಂತ ಅನುಭವಕ್ಕೆ ಹತ್ತನೇ ಒಂದು ತೂಕ, ಉಳಿದದ್ದು ಎಲ್ಲರ ಸರಾಸರಿಗೆ. ಉತ್ತರ ಶೇಕಡಾ 11. ಅದೇ ಗುಂಪಿನ ಎಕ್ಸ್‌ಪೋಷರ್ 1,620 ವರ್ಷ ಇದ್ದು ಕ್ಲೈಮ್ ಶೇಕಡಾ 20 ಇದ್ದಿದ್ದರೆ ತೂಕ 0.9 ಆಗುತ್ತಿತ್ತು, ಉತ್ತರ ಶೇಕಡಾ 19.

ಎಷ್ಟು ಮನುಷ್ಯ ಸಹಜ ನೋಡಿ. ಹೊಸಬರ ಮಾತನ್ನು ಸ್ವಲ್ಪ ನಂಬುತ್ತೇವೆ, ಹಳಬರ ಮಾತನ್ನು ಜಾಸ್ತಿ ನಂಬುತ್ತೇವೆ. ಮುಂದೆ ನೀವು ರಿಡ್ಜ್ ರಿಗ್ರೆಶನ್ ಕಲಿಯುವಾಗ, ಮಿಕ್ಸ್ಡ್ ಮಾಡೆಲ್ ಕಲಿಯುವಾಗ, ಬೇಸಿಯನ್ (Bayesian) ವಿಧಾನ ಕಲಿಯುವಾಗ ಇದೇ ಮುಖ ಬೇರೆ ಬೇರೆ ವೇಷದಲ್ಲಿ ಎದುರಾಗುತ್ತದೆ. ಇದು ಮೊದಲೇ ಗೊತ್ತಿದ್ದವರು ಅಲ್ಲಿ ಬೇಗ ಗುರುತು ಹಿಡಿಯುತ್ತಾರೆ.

ಈಗ ಕಾಲದ ವಿಷಯ. ವಿಮೆಯ ಡೇಟಾ ಎಂದೂ ಪೂರ್ತಿ ಆಗಿರುವುದಿಲ್ಲ. ಹೋದ ವರ್ಷದ ಅಪಘಾತದ ಕ್ಲೈಮ್ ಈ ವರ್ಷ ಬರುತ್ತದೆ, ಕೋರ್ಟಿಗೆ ಹೋದರೆ ಇನ್ನೂ ಎಷ್ಟೋ ವರ್ಷ. ಸಣ್ಣ ಲೆಕ್ಕ ಹೇಳುತ್ತೇನೆ. ಮೊದಲ ವರ್ಷದ ಅಪಘಾತಗಳಿಗೆ ಆ ವರ್ಷದ ಕೊನೆಗೆ ಕೊಟ್ಟದ್ದು 100, ಮರುವರ್ಷದ ಕೊನೆಗೆ ಒಟ್ಟು 150, ಮೂರನೇ ವರ್ಷದ ಕೊನೆಗೆ 165. ಎರಡನೇ ವರ್ಷದ ಅಪಘಾತಗಳಿಗೆ 120, ಆಮೇಲೆ 180. ಮೂರನೇ ವರ್ಷದ ಅಪಘಾತಗಳಿಗೆ ಈವರೆಗೆ 110. ಕೊನೆಯ ಸಂಖ್ಯೆಗಳನ್ನು ಹಾಗೇ ಪಕ್ಕಪಕ್ಕ ಇಟ್ಟರೆ 165, 180, 110. ಖರ್ಚು ಇಳಿದಿದೆ ಅಂತ ಸಂತೋಷ ಪಡಬೇಕು ಅನ್ನಿಸುತ್ತದೆ. ಆದರೆ ಅಪಘಾತ ಆದ ವರ್ಷದಿಂದ ಮರುವರ್ಷಕ್ಕೆ 1.5 ಪಟ್ಟು, ಅಲ್ಲಿಂದ ಮುಂದಿನ ವರ್ಷಕ್ಕೆ 1.1 ಪಟ್ಟು ಬೆಳೆಯುತ್ತದೆ ಅಂತ ಹಿಂದಿನ ಅನುಭವ ಹೇಳುತ್ತಿದೆ. ಗುಣಿಸಿದರೆ 110 ಬೆಳೆದು 181.5 ಆಗುತ್ತದೆ. ಎರಡನೇ ವರ್ಷದ 180 ಕೂಡ 198ಕ್ಕೆ ಹೋಗುತ್ತದೆ. ಇದಕ್ಕೆ ಚೈನ್ ಲ್ಯಾಡರ್ ಅಂತಾರೆ. ಥಾಮಸ್ ಮ್ಯಾಕ್ 1993ರಲ್ಲಿ ಇದರ ತಪ್ಪಿನ ಅಳತೆಯನ್ನೂ ಲೆಕ್ಕ ಹಾಕುವುದು ಹೇಗೆ ಅಂತ ತೋರಿಸಿದರು. ಹಣ್ಣಾಗದ ವರ್ಷವನ್ನು ಹಣ್ಣಾದ ವರ್ಷದ ಪಕ್ಕ ಇಟ್ಟು ಮಾಡೆಲ್ ಕಟ್ಟಿದರೆ, ಹೊಸ ಪಾಲಿಸಿದಾರರೆಲ್ಲ ಒಳ್ಳೆಯವರು ಅಂತ ಮಾಡೆಲ್ ಕಲಿಯುತ್ತದೆ.

ಕಾಲ ಇನ್ನೊಂದು ರೀತಿಯಲ್ಲೂ ಮೋಸ ಮಾಡುತ್ತದೆ. ನಾನು ಈ ಕೆಲಸ ಕಲಿಯುತ್ತಿದ್ದ ದಿನಗಳಲ್ಲಿ ಒಂದು ವಾಹನ ವಿಮೆಯ ಡೇಟಾ ಮೇಲೆ ಮಾಡೆಲ್ ಕಟ್ಟಿದ್ದೆ. ಫಲಿತಾಂಶ ನೋಡಿ ರಾತ್ರಿ ನಿದ್ದೆ ಬರಲಿಲ್ಲ, ಅಷ್ಟು ಚೆನ್ನಾಗಿತ್ತು. ಯಾವ ಕಾಲಂ ಇಷ್ಟು ಕೆಲಸ ಮಾಡುತ್ತಿದೆ ಅಂತ ನೋಡಿದರೆ ವಾಹನದ ಬಣ್ಣ. ಕೆಂಪು, ಕಪ್ಪು, ಬಿಳಿ ಯಾವುದಾದರೂ ಸರಿ, ಬಣ್ಣ ತುಂಬಿದ್ದರೆ ಕ್ಲೈಮ್ ಇದೆ. ಖಾಲಿ ಇದ್ದರೆ ಇಲ್ಲ. ವಾರ ಕಳೆದ ಮೇಲೆ ಒಬ್ಬ ಸರ್ವೇಯರ್ ಕಾರಣ ಹೇಳಿದರು. ಪಾಲಿಸಿ ಮಾರುವಾಗ ಬಣ್ಣ ಯಾರೂ ಬರೆಯುತ್ತಿರಲಿಲ್ಲ. ಅಪಘಾತ ಆದ ಮೇಲೆ ಗಾಡಿ ನೋಡಲು ಹೋದವರು ಬರೆಯುತ್ತಿದ್ದರು. ನನ್ನ ಮಾಡೆಲ್ ಭವಿಷ್ಯ ಹೇಳುತ್ತಿರಲಿಲ್ಲ, ಆಗಿಹೋದದ್ದನ್ನು ಓದುತ್ತಿತ್ತು. ಅವತ್ತಿನಿಂದ ಪ್ರತಿ ಕಾಲಂಗೂ ಒಂದು ಪ್ರಶ್ನೆ ಕೇಳುತ್ತೇನೆ: ಪಾಲಿಸಿ ಮಾರುವ ಗಳಿಗೆಯಲ್ಲಿ ಇದು ನನಗೆ ಗೊತ್ತಿರುತ್ತಿತ್ತಾ? ಯಾರು ತುಂಬಿದರು, ಯಾವಾಗ ತುಂಬಿದರು?

ವಂಚನೆ ಪತ್ತೆ ಮಾಡುವ ಮಾಡೆಲ್‌ಗಳಲ್ಲೂ ಇದರ ಅಣ್ಣತಮ್ಮ ಇದ್ದಾನೆ. ತನಿಖೆ ಮಾಡಿದ ಕ್ಲೈಮ್‌ಗಳಲ್ಲಿ ಮಾತ್ರ "ವಂಚನೆ" ಅನ್ನುವ ಗುರುತು ಇರುತ್ತದೆ. ತನಿಖೆಯೇ ಆಗದ್ದನ್ನು ಮಾಡೆಲ್ "ಪ್ರಾಮಾಣಿಕ" ಅಂತ ಓದಿಕೊಳ್ಳುತ್ತದೆ. ಹಿಂದೆ ಯಾರನ್ನು ಅನುಮಾನಿಸುತ್ತಿದ್ದರೋ ಅವರನ್ನೇ ಮತ್ತೆ ಅನುಮಾನಿಸಲು ಕಲಿಯುತ್ತದೆ.

ಇದು ನನ್ನನ್ನು ನ್ಯಾಯದ ವಿಷಯಕ್ಕೆ ತರುತ್ತದೆ. ಪಠ್ಯಕ್ರಮದಲ್ಲಿ ಇದು ಕೊನೆಯ ವಾರ, ಅರ್ಧ ಗಂಟೆಯ ವಿಷಯ ಆಗಬಾರದು. ನಮ್ಮ ಸಂಖ್ಯೆ ಒಬ್ಬರ ಜೇಬಿಗೆ ಕೈ ಹಾಕುತ್ತದೆ. 2011ರ ಮಾರ್ಚ್ 1ರಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ ಗಂಡು ಹೆಣ್ಣು ಅಂತ ನೋಡಿ ಪ್ರೀಮಿಯಂ ಬೇರೆ ಮಾಡುವಂತಿಲ್ಲ ಅಂತ ತೀರ್ಪು ಕೊಟ್ಟಿತು. 2012ರ ಡಿಸೆಂಬರ್ 21ರಿಂದ ಹೊಸ ಪಾಲಿಸಿಗಳಿಗೆ ಅದು ಜಾರಿಗೆ ಬಂತು. ಅಮೆರಿಕದ ಕೊಲರಾಡೊ ರಾಜ್ಯ 2021ರಲ್ಲಿ, ಹೊರಗಿನಿಂದ ತಂದ ಗ್ರಾಹಕ ಡೇಟಾ ಮತ್ತು ಅಲ್ಗಾರಿದಮ್ ಬಳಸಿ ವಿಮೆಯಲ್ಲಿ ಅನ್ಯಾಯದ ಭೇದ ಮಾಡಬಾರದು ಅಂತ ಕಾನೂನು ಮಾಡಿತು. 2024ರ ಯುರೋಪಿಯನ್ ಎಐ ಕಾಯ್ದೆ ಜೀವ ವಿಮೆ ಮತ್ತು ಆರೋಗ್ಯ ವಿಮೆಯಲ್ಲಿ ವ್ಯಕ್ತಿಗಳ ಅಪಾಯ ಅಳೆದು ಬೆಲೆ ಕಟ್ಟುವ ಎಐಯನ್ನು ಹೆಚ್ಚು ಅಪಾಯದ ಪಟ್ಟಿಯಲ್ಲಿ ಇಟ್ಟಿದೆ.

ಕಾನೂನು ಬಂತು, ಕಾಲಂ ಅಳಿಸಿದೆವು, ಮುಗಿಯಿತು ಅಂದುಕೊಂಡರೆ ಮುಗಿಯುವುದಿಲ್ಲ. ಲಿಂಗದ ಕಾಲಂ ತೆಗೆದರೂ ಉದ್ಯೋಗ, ಕಾರಿನ ಮಾದರಿ, ಓಡಿಸುವ ಸಮಯ ಇವೆಲ್ಲ ಸೇರಿ ಅದನ್ನೇ ಪಿಸುಗುಡುತ್ತವೆ. ಚುರುಕಾದ ಮಾಡೆಲ್ ಆ ಪಿಸುಮಾತನ್ನು ಚೆನ್ನಾಗಿ ಕೇಳಿಸಿಕೊಳ್ಳುತ್ತದೆ. ಇಲ್ಲಿ ಒಂದು ಗಂಟು ಇದೆ. ಆ ಪಿಸುಮಾತನ್ನು ಅಳೆದು ತೆಗೆದುಹಾಕಬೇಕಾದರೆ ಯಾರು ಗಂಡು ಯಾರು ಹೆಣ್ಣು ಅಂತ ನಮಗೆ ಗೊತ್ತಿರಬೇಕು. ಗೊತ್ತಿರಬಾರದು ಅಂತಲೇ ಕಾಲಂ ಅಳಿಸಿದ್ದೆವು. ನಿಮ್ಮಲ್ಲಿ ಯಾರಿಗಾದರೂ ಪ್ರಬಂಧಕ್ಕೆ ವಿಷಯ ಬೇಕಿದ್ದರೆ ಈ ಗಂಟಿನ ಹತ್ತಿರ ಬನ್ನಿ. ಬಿಡಿಸಬೇಕಾದದ್ದು ಇನ್ನೂ ಬಹಳ ಇದೆ.

ಯಾವ ಕೋರ್ಸ್ ಆರಿಸಬೇಕು, ಅದರಲ್ಲಿ ಏನು ನೋಡಬೇಕು ಅಂತಲೂ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಚಿಕ್ಕದಾಗಿ ಹೇಳುತ್ತೇನೆ. ಸಂಭವನೀಯತೆ, ಲೀನಿಯರ್ ಆಲ್ಜೀಬ್ರಾ, ಎಸ್‌ಕ್ಯೂಎಲ್, ಜೊತೆಗೆ ಆರ್ ಅಥವಾ ಪೈಥಾನ್, ಇಷ್ಟು ಕೈಯಲ್ಲಿರಲಿ. ಸಾಮಾನ್ಯ ಡೇಟಾ ಸೈನ್ಸ್ ಕೋರ್ಸಿಗೆ ವಿಮೆ ಅಂತ ಹೆಸರು ಅಂಟಿಸಿದ್ದಾರಾ, ಅಥವಾ ಎಕ್ಸ್‌ಪೋಷರ್, ರಿಸರ್ವ್ (ಮುಂದೆ ಕೊಡಬೇಕಾದ ಕ್ಲೈಮ್ ಹಣಕ್ಕೆ ತೆಗೆದಿಡುವ ಮೊತ್ತ), ಕ್ರೆಡಿಬಿಲಿಟಿ, ನಿಯಂತ್ರಣ ಇವಕ್ಕೆ ನಿಜವಾಗಿ ಜಾಗ ಇದೆಯಾ ನೋಡಿ. ಬರವಣಿಗೆ ಕಲಿಸುತ್ತಾರಾ ಅಂತ ತಪ್ಪದೆ ಕೇಳಿ. ವಿಮಾ ಗಣಿತಜ್ಞರ ಸಂಘವಾದ ಅಮೆರಿಕದ ಸೊಸೈಟಿ ಆಫ್ ಆಕ್ಚುವರೀಸ್ 2018ರ ಡಿಸೆಂಬರ್‌ನಲ್ಲಿ ಪ್ರಿಡಿಕ್ಟಿವ್ ಅನಲಿಟಿಕ್ಸ್ ಪರೀಕ್ಷೆ ಮೊದಲ ಬಾರಿ ನಡೆಸಿತು. ಅಲ್ಲಿ ಸರಿ ಉತ್ತರಕ್ಕೆ ಗುರುತು ಹಾಕಿ ಬರುವ ಹಾಗಿಲ್ಲ, ಯಾಕೆ ಈ ಮಾಡೆಲ್ ಅಂತ ವಾಕ್ಯಗಳಲ್ಲಿ ಬರೆದು ಒಪ್ಪಿಸಬೇಕು. ಕೆಲಸದಲ್ಲೂ ಹಾಗೇ. ಪ್ರೀಮಿಯಂ ಯಾಕೆ ಏರಿತು ಅಂತ ಕೇಳುವ ಪಾಲಿಸಿದಾರರಿಗೆ ಯಾವ ಕಾಲಂ ಉತ್ತರವನ್ನು ಎಷ್ಟು ಏರಿಸಿತು, ಎಷ್ಟು ಇಳಿಸಿತು ಅಂತ ಹೇಳುವ ಶಾಪ್ (SHAP) ಮೌಲ್ಯಗಳ ಬಣ್ಣದ ಚಿತ್ರ ತೋರಿಸಿದರೆ ಉತ್ತರ ಕೊಟ್ಟ ಹಾಗಲ್ಲ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ಅವರು ಆ ಫ್ರೆಂಚ್ ಕಡತವನ್ನು ಆಗಲೇ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದರು. "ಸರ್, ಇಲ್ಲಿ ಒಂದು ಸಾಲಿನಲ್ಲಿ 16 ಕ್ಲೈಮ್ ಇದೆ. ಎಕ್ಸ್‌ಪೋಷರ್ ಒಂದು ವರ್ಷಕ್ಕಿಂತ ಜಾಸ್ತಿ ಇರುವ ಸಾಲುಗಳೂ ಇವೆ. ಅಳಿಸಿಬಿಡಲಾ?"

ಆ ಕಡತದ ಮೇಲೆ ಕೆಲಸ ಮಾಡುವವರು ಸಾಮಾನ್ಯವಾಗಿ ಕ್ಲೈಮ್ ಸಂಖ್ಯೆಯನ್ನು 4ಕ್ಕೆ, ಎಕ್ಸ್‌ಪೋಷರ್ ಅನ್ನು 1ಕ್ಕೆ ಮಿತಿಗೊಳಿಸಿ ಮುಂದೆ ಹೋಗುತ್ತಾರೆ ಅಂತ ಹೇಳಿದೆ. ಹಾಗೆ ಮಾಡಬಹುದು, ಮಾಡಿದ್ದನ್ನು ವರದಿಯಲ್ಲಿ ಬರೆಯಬೇಕು. ಆದರೆ ಅದಕ್ಕೂ ಮೊದಲು ಆ ಸಾಲಿನ ಉಳಿದ ಕಾಲಂಗಳನ್ನು ಜೋರಾಗಿ ಓದಿ ಅಂತ ಕೇಳಿಕೊಂಡೆ. ವಯಸ್ಸು, ಕಾರು, ಬೋನಸ್-ಮಾಲಸ್, ಊರಿನ ಸಾಂದ್ರತೆ. ಅವರು ಓದಿದರು. ಆಮೇಲೆ ತಾವಾಗಿಯೇ ಅದರ ಮೇಲಿನ ಸಾಲು, ಕೆಳಗಿನ ಸಾಲು ಹುಡುಕಲು ಶುರು ಮಾಡಿದರು. ಪಕ್ಕದಲ್ಲಿದ್ದ ಇಬ್ಬರು ಸ್ಕ್ರೀನಿನ ಕಡೆ ಬಾಗಿದರು.